ಒಂಟಿ ಸವಾರಿಯ ಗಂಟು–ಗಾಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಡಿಮೆ ಖರ್ಚಿನಲ್ಲಿ ಒಬ್ಬರೇ ಗಾಡಿ ಹತ್ತಿ ದೇಶ ನೋಡಲು ಹೊರಡುವವರು ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಮಲೆನಾಡಿನ ಊರುಗಳಿಂದ ಬಂದ ಪತ್ರಗಳಲ್ಲಿ ಬಹುಪಾಲು ಎರಡೇ ವಿಷಯ: ದುಡ್ಡು ಸಾಲುತ್ತದೆಯೇ, ಗಾಡಿ ತಡೆಯುತ್ತದೆಯೇ. ಗಾಡಿ ಕೈಕೊಡದಿದ್ದರೆ ದುಡ್ಡು ಸಾಲುತ್ತದೆ ಎಂಬುದು ನಮ್ಮ ಅಭಿಪ್ರಾಯ. ಹಾಗಾಗಿ ಗಾಡಿಯ ಮಾತಿಗೇ ಹೆಚ್ಚು ಜಾಗ ಹೋಗಿದೆ.

ನನ್ನ ಹತ್ತಿರ 125 ಸಿಸಿ ಬೈಕಿದೆ, ಕೂಡಿಟ್ಟ 30,000 ರೂಪಾಯಿ ಇದೆ. ಲೇಹ್‌ವರೆಗೆ ಒಬ್ಬನೇ ಹೋಗಿ ಬರಬಹುದೇ? ಹದಿನೈದು ಸಾವಿರದಲ್ಲಿ ಮುಗಿಸಿದೆವು ಎನ್ನುವವರ ವಿಡಿಯೊ ನೋಡಿದ್ದೇನೆ.
– ತೀರ್ಥಹಳ್ಳಿಯ ಓದುಗರು

ಬೈಕು ಹೋಗುತ್ತದೆ, ದುಡ್ಡು ಸಾಲುವುದಿಲ್ಲ. ಲೆಕ್ಕ ನೀವೇ ನೋಡಿ. ಶಿವಮೊಗ್ಗದಿಂದ ಪುಣೆ, ದೆಹಲಿ, ಜಮ್ಮು, ಶ್ರೀನಗರದ ಮೇಲೆ ಲೇಹ್ ತಲುಪಿ, ಮನಾಲಿ ದಾರಿಯಲ್ಲಿ ವಾಪಸಾದರೆ ಅಲ್ಲಿನ ಸಣ್ಣಪುಟ್ಟ ಸುತ್ತಾಟವೂ ಸೇರಿ ಸುಮಾರು 6,800 ಕಿ.ಮೀ. ಸಾಮಾನು ಹೇರಿದ 125 ಸಿಸಿ ಗಾಡಿ ಲೀಟರಿಗೆ 55 ಕೊಟ್ಟರೆ 124 ಲೀಟರ್ ಪೆಟ್ರೋಲು. ಲೀಟರಿಗೆ 103 ರೂಪಾಯಿ ಹಿಡಿದರೆ 12,700. ದಿನಕ್ಕೆ ಸರಾಸರಿ 300 ಕಿ.ಮೀ. ಓಡಿಸಿ, ಲೇಹ್‌ನಲ್ಲಿ ಎತ್ತರಕ್ಕೆ ಮೈ ಹೊಂದಿಸಿಕೊಳ್ಳಲು ಎರಡು ದಿನ ಕೂತು, ಒಂದೆರಡು ದಿನ ಮಳೆಗೋ ಭೂಕುಸಿತಕ್ಕೋ ಬಿಟ್ಟರೆ 26 ದಿನ ಬೇಕು. ರಾತ್ರಿಗೆ ಸರಾಸರಿ 400ರಂತೆ 25 ರಾತ್ರಿಗೆ 10,000. ಊಟ–ತಿಂಡಿ–ಚಹಾಕ್ಕೆ ದಿನಕ್ಕೆ 300ರಂತೆ 7,800. ದಾರಿಯಲ್ಲಿ ಎರಡು ಸಲ ಆಯಿಲ್, ಸಣ್ಣ ರಿಪೇರಿಗೆ 2,500. ಹೊರಡುವ ಮುಂಚೆ ಗಾಡಿಗೆ 5,500. ಇಷ್ಟಕ್ಕೇ 38,500 ಆಯಿತು. ಇದರ ಮೇಲೆ ತುರ್ತಿಗೆಂದು ಮುಟ್ಟದೆ ಇಡಬೇಕಾದ 6,000 ಬೇರೆ.

ವಿಡಿಯೊದವರು ಸುಳ್ಳು ಹೇಳುತ್ತಾರೆ ಅಂತಲ್ಲ. ಗಾಡಿಗೆ ಮೊದಲೇ ಹಾಕಿದ ದುಡ್ಡನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ, ಗೆಳೆಯರ ಮನೆಯಲ್ಲಿ ಉಳಿದ ರಾತ್ರಿಗಳನ್ನು ಹೇಳುವುದಿಲ್ಲ. ಮುಟ್ಟದೆ ಇಡುವ ಹಣವಂತೂ ಯಾರ ಲೆಕ್ಕದಲ್ಲೂ ಬರುವುದಿಲ್ಲ. ಒಬ್ಬರೇ ಹೋಗುವವರಿಗೆ ಅದೇ ಮುಖ್ಯ: ಜೊತೆಗಾರನ ಹತ್ತಿರ ಸಾಲ ಕೇಳಲು ಜೊತೆಗಾರನೇ ಇಲ್ಲ.

ಮೂವತ್ತು ಸಾವಿರಕ್ಕೆ ಸರಿಯಾಗಿ ಕೂರುವುದು ಗುಜರಾತಿನ ಕಚ್ಛ್. ಬೆಳಗಾವಿ, ಪುಣೆ, ನಾಸಿಕ್, ಸೂರತ್, ಅಹಮದಾಬಾದ್ ಮೇಲೆ ಭುಜ್‌ಗೆ ಹೋಗಿ ಬಂದು, ಅಲ್ಲಿನ ಉಪ್ಪಿನ ಬಯಲು ಬಿಳಿ ರಣ್ ಸುತ್ತಿದರೆ ಸುಮಾರು 3,800 ಕಿ.ಮೀ., 14 ದಿನ. ಪೆಟ್ರೋಲು 7,100, ರಾತ್ರಿಗೆ 450ರಂತೆ 5,850, ಊಟಕ್ಕೆ 4,200, ಆಯಿಲ್ ಇತ್ಯಾದಿ 1,000, ಮುಂಚಿನ ಗಾಡಿ ಖರ್ಚು 5,500, ಮುಟ್ಟದ ಹಣ 5,000. ಒಟ್ಟು 28,650. ಧೋರ್ಡೊ ಕಡೆಯ ಬಿಳಿ ರಣ್‌ಗೆ ಪರವಾನಗಿ ಬೇಕು. ಭಿರಂಡಿಯಾರಾ ಚೆಕ್‌ಪೋಸ್ಟಿನಲ್ಲಿ ಸಿಗುತ್ತದೆ, ಗುರುತಿನ ಚೀಟಿ ಇಟ್ಟುಕೊಳ್ಳಿ. ಲೇಹ್ ಎಲ್ಲಿಗೂ ಓಡಿಹೋಗುವುದಿಲ್ಲ, ಇನ್ನೊಂದು ವರ್ಷ ಕೂಡಿಡಿ.

ಪುಣೆಯಿಂದ ಮುಂದೆ ಒಂದು ಎಚ್ಚರ. ಮೊಬೈಲ್ ನಕ್ಷೆಯಲ್ಲಿ ದ್ವಿಚಕ್ರ ವಾಹನ ಅಂತ ಆರಿಸಿಕೊಳ್ಳದಿದ್ದರೆ ಅದು ಎಕ್ಸ್‌ಪ್ರೆಸ್‌ವೇಗೆ ಹತ್ತಿಸುತ್ತದೆ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ, ದೆಹಲಿ–ಮುಂಬೈ ಎಕ್ಸ್‌ಪ್ರೆಸ್‌ವೇ ಎರಡರಲ್ಲೂ ಬೈಕಿಗೆ ಪ್ರವೇಶವಿಲ್ಲ, ಹತ್ತಿದರೆ ದಂಡ. ಉಳಿದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಬೈಕಿಗೆ ಟೋಲ್ ಇಲ್ಲ. ಗೇಟಿನ ಎಡತುದಿಯ ಕಿರುದಾರಿ ನಮ್ಮದು.

ಅಡಿಕೆ ತೋಟ ಇರುವವರು ಯಾವ ತಿಂಗಳು ಹೊರಡಬೇಕು?
– ಹೊಸನಗರ ತಾಲ್ಲೂಕಿನ ಬೆಳೆಗಾರರು

ನಿಮ್ಮ ಕೈಗೆ ಸಿಗುವುದು ಎರಡೇ ಸಂದು. ಒಂದು, ಕೊಯ್ಲು ಮುಗಿಸಿ ಅಡಿಕೆ ಒಣಗಿಸಿದ ಮೇಲೆ, ಫೆಬ್ರುವರಿ ನಡುವಿನಿಂದ ಮಾರ್ಚ್ ನಡುವಿನವರೆಗೆ. ಆಗ ಗುಜರಾತ್, ರಾಜಸ್ಥಾನ ಸರಿ. ಏಪ್ರಿಲ್–ಮೇನಲ್ಲಿ ಪುರುಸೊತ್ತಿದೆ ಅಂತ ಆ ಕಡೆ ಹೋಗಬೇಡಿ. ನಮ್ಮ ಸೆಖೆ ಬೆವರು ಸುರಿಸುತ್ತದೆ. 44–45 ಡಿಗ್ರಿಯ ಒಣ ಬಿಸಿಲಿನಲ್ಲಿ ಬೈಕ್ ಓಡಿಸುವಾಗ ಬೆವರು ಬಂದದ್ದೇ ತಿಳಿಯುವುದಿಲ್ಲ, ತಲೆ ತಿರುಗಿದಾಗಲೇ ಗೊತ್ತಾಗುವುದು.

ಇನ್ನೊಂದು, ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೊ ಔಷಧಿ ಹೊಡೆಸಿದ ಮೇಲೆ, ಕೊಯ್ಲಿಗೆ ಮುಂಚೆ. ಅಂದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರ. ಹಿಮಾಲಯಕ್ಕೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ: ಜುಲೈ–ಆಗಸ್ಟಿನ ಹಿಮಾಚಲದ ಮಳೆ ಇಳಿದಿರುತ್ತದೆ, ಲಡಾಖಿನ ದಾರಿ ಇನ್ನೂ ತೆರೆದಿರುತ್ತದೆ. ಮಳೆ ಬಿಡದೆ ಮೂರನೇ ಔಷಧಿ ಬೇಕಾಗುವ ವರ್ಷ ಮಾತ್ರ ಈ ಸಂದು ಕೈತಪ್ಪುತ್ತದೆ. ಡಿಸೆಂಬರ್–ಜನವರಿಯಲ್ಲಿ ಹರಿಯಾಣ, ಪಂಜಾಬ್, ಉತ್ತರ ಪ್ರದೇಶದ ಕಡೆ ಬೆಳಗಿನ ಮಂಜು ಹತ್ತು ಗಂಟೆಯಾದರೂ ಏಳುವುದಿಲ್ಲ. ಆಗುಂಬೆಯ ಮಂಜಿನಲ್ಲಿ ಓಡಿಸಿದ್ದೇವೆ ಎಂಬ ಧೈರ್ಯ ಅಲ್ಲಿ ನಡೆಯದು. ಇಲ್ಲಿ ಎಲ್ಲರೂ 20ರಲ್ಲಿ ಹೋಗುತ್ತೇವೆ, ಅಲ್ಲಿ ಹಿಂದಿನ ಲಾರಿ 70ರಲ್ಲಿ ಬರುತ್ತಿರುತ್ತದೆ.

ನನ್ನ 100 ಸಿಸಿ ಬೈಕು ಒಂಬತ್ತು ವರ್ಷದ್ದು. ಊರಲ್ಲಿ ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಜನರಲ್ ಸರ್ವೀಸ್ ಮಾಡಿಸಿ ಹೊರಟರೆ ಸಾಲದೇ?
– ಸಾಗರದ ಓದುಗರು

ಸಾಲದು. ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಅನೇಕರಿಂದ ಬಂದಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ನಮ್ಮ ಕಡೆ ಗಾಡಿ ಓಡುವುದು ಒಂದು ಸಲಕ್ಕೆ ಇಪ್ಪತ್ತು–ಮೂವತ್ತು ಕಿ.ಮೀ., ಅದೂ 35–40ರ ವೇಗದಲ್ಲಿ. ಅರ್ಧ ಸವೆದ ಭಾಗವೂ ಅಷ್ಟಕ್ಕೆ ತಡೆಯುತ್ತದೆ. ಹರಿಹರ ದಾಟಿ ಹೆದ್ದಾರಿ ಹತ್ತಿದ ಮೇಲೆ ಅದೇ ಗಾಡಿ ಆರು ಗಂಟೆ ಕಾಲ 55ರಲ್ಲಿ ನಿಲ್ಲದೆ ಓಡಬೇಕು. ಆಗ ಬಿಸಿ ಏರುತ್ತಲೇ ಹೋಗುತ್ತದೆ, ಇಳಿಯಲು ಬಿಡುವೇ ಸಿಗುವುದಿಲ್ಲ. ಊರಲ್ಲಿ ವರ್ಷಗಟ್ಟಲೆ ಮುಚ್ಚಿಕೊಂಡಿದ್ದ ದೋಷ ಎರಡನೇ ದಿನ ಹೊರಬರುವುದು ಇದಕ್ಕೇ. ಜನರಲ್ ಸರ್ವೀಸಿನಲ್ಲಿ ಆಯಿಲ್ ಬದಲಿಸಿ, ತೊಳೆದು, ಚೈನ್ ಬಿಗಿ ಮಾಡಿ ಕೊಡುತ್ತಾರೆ. ಮಳೆ–ಕೆಸರು ಮಾಡಿದ ಹಾಳು ಇರುವುದು ಬಿಚ್ಚದ ಜಾಗಗಳಲ್ಲಿ.

ಮೊದಲು ಚಕ್ರ. ಎರಡೂ ಟೈರ್ ಕಳಚಿಸಿ ರಿಮ್ಮಿನ ಒಳಮೈ ನೋಡಿ. ಮಳೆನೀರು ಸ್ಪೋಕಿನ ಬುಡದಲ್ಲಿ ಇಳಿದು ತುಕ್ಕು ಕಟ್ಟಿರುತ್ತದೆ. ಆ ತುಕ್ಕಿನ ಮೊನೆ ಟ್ಯೂಬನ್ನು ಒಳಗಿನಿಂದ ಉಜ್ಜಿ ತೂತು ಮಾಡುತ್ತದೆ. ಮೊಳೆ ಸಿಗದ ಪಂಕ್ಚರ್ ಮತ್ತೆ ಮತ್ತೆ ಆಗುತ್ತಿದ್ದರೆ ಕಾರಣ ಇದೇ. ಉಪ್ಪುಕಾಗದದಿಂದ ಉಜ್ಜಿ, ರಿಮ್ಮಿನ ರಬ್ಬರ್ ಪಟ್ಟಿ ಹೊಸದು ಹಾಕಿಸಿ. ಸ್ಪೋಕುಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ: ಬಿಗಿಯಾದದ್ದು ಟಣ್ ಅನ್ನುತ್ತದೆ, ಸಡಿಲವಾದದ್ದು ಮಂಕಾಗಿ ಕೇಳುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ ಟೈರಿನ ಮೇಲಿನ ಅಚ್ಚು ಚೆನ್ನಾಗಿ ಕಂಡರೂ ಬದಲಿಸಿ, ರಬ್ಬರ್ ಬಿರುಸಾಗಿರುತ್ತದೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಎಂದರೆ ಬೇರಿಂಗ್ ಮುಗಿದಿದೆ.

ಆಮೇಲೆ ಬ್ರೇಕ್. ಡ್ರಮ್ಮಿನ ಒಳಗೆ ಕೆಂಪು ಕೆಸರು ಒಣಗಿ ಪುಡಿಯಾಗಿ ಕೂತಿರುತ್ತದೆ. ಬ್ರೇಕ್ ಶೂ ಅರಳಿಸುವ ಕ್ಯಾಮ್ ತುಕ್ಕು ಹಿಡಿದರೆ ಪೆಡಲ್ ಬಿಟ್ಟರೂ ಶೂ ಪೂರ್ತಿ ಹಿಂದೆ ಬರುವುದಿಲ್ಲ. ಬ್ರೇಕ್ ಸಣ್ಣಗೆ ಹಿಡಿದುಕೊಂಡೇ ಗಾಡಿ ಓಡುತ್ತದೆ. ಮೈಲೇಜ್ ಇಳಿಯಲು, ಹಬ್ ಮುಟ್ಟಲಾಗದಷ್ಟು ಕಾಯಲು ಇದೇ ಮೂಲ. ಕ್ಯಾಮ್ ಬಿಚ್ಚಿ ಉಜ್ಜಿ, ತೀರಾ ತೆಳ್ಳಗೆ ಗ್ರೀಸ್ ಹಚ್ಚಬೇಕು. ಹೆಚ್ಚಾದರೆ ಕರಗಿ ಶೂ ಮೇಲೆ ಇಳಿಯುತ್ತದೆ, ಬ್ರೇಕೇ ಇಲ್ಲದಂತಾಗುತ್ತದೆ.

ಚೈನ್ ನಮ್ಮ ಗಾಡಿಗಳಲ್ಲಿ ಕವರಿನೊಳಗೆ ಅಡಗಿರುವುದರಿಂದ ಯಾರೂ ನೋಡುವುದಿಲ್ಲ. ಕವರ್ ಬಿಚ್ಚಿಸಿ, ಹಿಂದಿನ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲಿನ ಚಕ್ರದ) ತೀರಾ ಹಿಂತುದಿಯಲ್ಲಿ ಚೈನನ್ನು ಹಿಡಿದು ಹಿಂದಕ್ಕೆ ಎಳೆಯಿರಿ. ಹಲ್ಲಿನ ಅರ್ಧದಷ್ಟು ಕಂಡರೆ ಚೈನ್ ಹಿಗ್ಗಿದೆ. ಚೈನ್ ಮಾತ್ರ ಬದಲಿಸಿ ಸ್ಪ್ರಾಕೆಟ್ ಹಳೆಯದು ಉಳಿಸುವುದು ಸುಳ್ಳು ಉಳಿತಾಯ. ಸವೆದ ಹಲ್ಲು ಹೊಸ ಚೈನನ್ನೂ ಬೇಗ ಹಾಳುಮಾಡುತ್ತದೆ. ಚೈನ್, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರೂ ಒಟ್ಟಿಗೆ ಹಾಕಿಸಿ. ಸಡಿಲ ಎಷ್ಟಿರಬೇಕೆಂದು ಗಾಡಿಯ ಕೈಪಿಡಿಯಲ್ಲಿದೆ, ಸಾಮಾನ್ಯವಾಗಿ 25 ಮಿ.ಮೀ. ಆಸುಪಾಸು. ಸಾಮಾನು ಹೇರಿ, ನೀವು ಕೂತು ನೋಡಿದಾಗಲೂ ಚೈನ್ ತಂತಿಯಂತೆ ಬಿಗಿಯಾಗಬಾರದು.

ಹ್ಯಾಂಡಲ್ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ನೋಡುವುದು ಸುಲಭ: ಮುಂಚಕ್ರ ಎತ್ತಿ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿ. ನಟ್ಟನಡುವೆ ಗುಂಡಿಗೆ ಬಿದ್ದಂತೆ ಸಿಕ್ಕಿಕೊಂಡರೆ ಬದಲಿಸಿ. ಊರಲ್ಲಿ ಇದು ಗೊತ್ತೇ ಆಗುವುದಿಲ್ಲ, ಹೆದ್ದಾರಿಯಲ್ಲಿ ಲಾರಿ ಪಕ್ಕದಲ್ಲಿ ಹಾದಾಗ ಗಾಡಿ ತೂಗಾಡುತ್ತದೆ. ವೈರುಗಳನ್ನು ಜೋಡಿಸುವ ಕಪ್ಲರುಗಳಲ್ಲಿ ಹಸಿರು ಕಿಲುಬು ಇರುತ್ತದೆ. ಬಿಚ್ಚಿ ಸ್ವಚ್ಛ ಮಾಡಿಸಿ. ಏರ್ ಫಿಲ್ಟರ್ ಕಾಗದದ್ದಾಗಿದ್ದರೆ ಊದಿ ಹಾಕಬೇಡಿ, ಹೊಸದು ಹಾಕಿ. ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳದ ರಬ್ಬರ್ ಹೋಗಿ ನೀರು ಇಳಿದಿದ್ದರೆ, ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲಿನಲ್ಲಿ ಅದು ಬೆರೆತು ತಳದಲ್ಲಿ ಬೇರೆಯೇ ಪದರವಾಗಿ ನಿಲ್ಲುತ್ತದೆ. ಟ್ಯಾಂಕ್ ಖಾಲಿ ಮಾಡಿಸಿ, ಕಾರ್ಬ್ಯುರೇಟರಿನ ತಳದ ಸ್ಕ್ರೂ ಸಡಿಲಿಸಿ ಹರಿಯಬಿಡಿ.

ಇಷ್ಟಾದ ಮೇಲೆ ಪರೀಕ್ಷೆ. ಇದನ್ನು ಬಿಡಲೇಬೇಡಿ. ಹೊರಡುವ ದಿನದಷ್ಟೇ ಸಾಮಾನು ಕಟ್ಟಿಕೊಂಡು ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಘಾಟಿ ಇಳಿದು ಸೋಮೇಶ್ವರ, ಹೆಬ್ರಿ, ಉಡುಪಿ, ಅಲ್ಲಿಂದ ಕರಾವಳಿಯ ನೇರ ಹೆದ್ದಾರಿಯಲ್ಲಿ ಕುಂದಾಪುರ, ಮತ್ತೆ ಹುಲಿಕಲ್ ಘಾಟಿ ಹತ್ತಿ ನಗರ, ಹೊಸನಗರದ ಮೇಲೆ ಮನೆಗೆ. ಮುನ್ನೂರು ಕಿ.ಮೀ. ಮೀರುತ್ತದೆ, ಒಂದು ದಿನದ ದುಡಿಮೆ. ಆಗುಂಬೆಯ 14 ತಿರುವುಗಳಲ್ಲಿ ಎರಡನೇ ಗೇರಿನಲ್ಲೇ ಇಳಿಯಿರಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಸೋಮೇಶ್ವರ ಬರುವಷ್ಟರಲ್ಲಿ ಡ್ರಮ್ ಕಾದು ಬ್ರೇಕ್ ಹಿಡಿಯುವುದು ಕಡಿಮೆಯಾಗುತ್ತದೆ. ಉಡುಪಿ–ಕುಂದಾಪುರದ ನಡುವೆ 60ರಲ್ಲಿ ಓಡಿಸಿ ಹ್ಯಾಂಡಲ್ ನಡುಗುತ್ತದೆಯೇ ನೋಡಿ. ನಡುಗಿದರೆ ಭಾರ ಹಿಂದಿನ ಕ್ಯಾರಿಯರಿನಲ್ಲಿ ಹೆಚ್ಚಾಗಿದೆ, ಮುಂಚಕ್ರ ಹಗುರಾಗಿದೆ ಅಂತ ಅರ್ಥ. ಮಾರನೇ ದಿನ ಎಲ್ಲ ನಟ್ಟುಗಳನ್ನೂ ಮುಟ್ಟಿ ನೋಡಿ, ಮುಖ್ಯವಾಗಿ ಕ್ಯಾರಿಯರ್, ಸೈಲೆನ್ಸರ್, ನಂಬರ್ ಪ್ಲೇಟ್. ಆಯಿಲ್ ಮಟ್ಟ ಅಳೆಯಿರಿ. ಅಳೆಯುವ ಕಡ್ಡಿಯನ್ನು ಹೆಚ್ಚಿನ ಗಾಡಿಗಳಲ್ಲಿ ತಿರುಗಿಸದೆ ಸುಮ್ಮನೆ ಇಟ್ಟು ನೋಡಬೇಕು, ಗಾಡಿ ಸೆಂಟರ್ ಸ್ಟ್ಯಾಂಡಿನಲ್ಲಿರಬೇಕು. ಒಂದು ದಿನದಲ್ಲಿ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಇಂಥ ಗಾಡಿಯನ್ನು ಉತ್ತರಕ್ಕೆ ಒಯ್ಯಬೇಡಿ.

ಹೊರೆಯ ಮಾತು ಬಂತಲ್ಲ. ಹೆಚ್ಚಿನ 100–125 ಸಿಸಿ ಗಾಡಿಗಳ ಮಿತಿ ಸವಾರನೂ ಸೇರಿ 130 ಕೆ.ಜಿ. ಆಸುಪಾಸು. ಅಡಿಕೆ ಮೂಟೆ ಹೇರಿ ಅಭ್ಯಾಸ ಇದೆ ಎಂದು ಹೇರುತ್ತಾ ಹೋಗಬೇಡಿ. ಸಾಮಾನು 15 ಕೆ.ಜಿ. ದಾಟದಿರಲಿ. ಭಾರದ್ದು ಸೀಟಿನ ಮೇಲೆ ಬೆನ್ನಿಗೆ ಒತ್ತಿ, ಹಗುರಾದದ್ದು ಹಿಂದೆ. ಕಟ್ಟಲು ಹಳೇ ಟ್ಯೂಬ್ ಕತ್ತರಿಸಿದ ಪಟ್ಟಿ ಅಂಗಡಿಯ ಕೊಕ್ಕೆ ಹಗ್ಗಕ್ಕಿಂತ ಮೇಲು, ಕೊಕ್ಕೆ ತಪ್ಪಿ ಚಕ್ರಕ್ಕೆ ಸುತ್ತಿಕೊಳ್ಳುವ ಭಯವಿಲ್ಲ. ಬ್ಯಾಗಿನೊಳಗೆ ಗೊಬ್ಬರದ ಚೀಲದ ಒಳಪ್ಲಾಸ್ಟಿಕ್ ತೊಳೆದು ಹಾಕಿದರೆ ಮಳೆಯ ಚಿಂತೆ ಮುಗಿಯಿತು. ಕಂಬಳಿ ಕೊಪ್ಪೆ ಮಾತ್ರ ತೋಟಕ್ಕಿರಲಿ.

ಯಾವ ಬಿಡಿಭಾಗ, ಯಾವ ಸಾಮಾನು ಒಯ್ಯಬೇಕು? ಪಂಕ್ಚರ್ ನಾನೇ ಹಾಕಲು ಕಲಿಯಬೇಕೆ?
– ಭದ್ರಾವತಿಯ ಓದುಗರು

ಕಲಿಯಲೇಬೇಕು. ಹೆದ್ದಾರಿಯಲ್ಲಿ ಪಂಕ್ಚರ್ ಅಂಗಡಿಗೇನೂ ಕೊರತೆಯಿಲ್ಲ, ಆದರೆ ಟ್ಯೂಬಿರುವ ಟೈರನ್ನು ಗಾಳಿಯಿಲ್ಲದೆ ಎರಡು ಕಿ.ಮೀ. ತಳ್ಳಿದರೂ ಟ್ಯೂಬ್ ಒಳಗೇ ಅರೆದುಹೋಗುತ್ತದೆ.

ಒಯ್ಯಬೇಕಾದ್ದು: ಒಂದು ಟ್ಯೂಬ್ (ಎರಡೂ ಚಕ್ರ 18 ಇಂಚಾಗಿದ್ದರೆ ಹಿಂದಿನದ್ದೊಂದೇ ಸಾಕು), ಟೈರ್ ಲಿವರ್ ಎರಡು, ಪ್ಯಾಚು–ಸೊಲ್ಯೂಷನ್, ಕಾಲಿನ ಪಂಪು, ಸ್ಪಾರ್ಕ್ ಪ್ಲಗ್ ಮತ್ತು ಅದರ ಸ್ಪ್ಯಾನರ್, ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಚೈನಿನ ತುದಿ ಜೋಡಿಸುವ ಚೈನ್ ಲಾಕ್, ಫ್ಯೂಸ್ ಎರಡು, ಹೆಡ್‌ಲೈಟ್ ಬಲ್ಬ್, ಆಕ್ಸಲ್ ನಟ್ಟಿಗೆ ಹೊಂದುವ ರಿಂಗ್ ಸ್ಪ್ಯಾನರ್, ಬೈಂಡಿಂಗ್ ವೈರು, ಇನ್ಸುಲೇಷನ್ ಟೇಪು, ಅರ್ಧ ಲೀಟರ್ ಆಯಿಲ್. ಗ್ಯಾರೇಜಿನವರು ಕೊಟ್ಟ ಭಾಗ ನಿಮ್ಮ ಗಾಡಿಗೆ ಹೊಂದುತ್ತದೆಯೇ ಎಂದು ಇಲ್ಲೇ ಹಾಕಿ ನೋಡಿ. ಹೊಸ ಕ್ಲಚ್ ಕೇಬಲನ್ನು ಬ್ಯಾಗಿನಲ್ಲಿಡುವ ಬದಲು ಹಳೆಯದರ ಪಕ್ಕದಲ್ಲೇ ಹಾಯಿಸಿ ಟೇಪು ಸುತ್ತಿಡಿ. ತುಂಡಾದಾಗ ಎರಡು ತುದಿ ಸಿಕ್ಕಿಸಿದರೆ ಐದು ನಿಮಿಷದ ಕೆಲಸ.

ಇನ್ನು ಪಂಕ್ಚರ್. ಎಷ್ಟೋ ಸಲ ಚಕ್ರ ಬಿಚ್ಚುವ ಅಗತ್ಯವೇ ಇರುವುದಿಲ್ಲ. ಮೊಳೆಯ ಜಾಗಕ್ಕೆ ಗುರುತು ಮಾಡಿ, ವಾಲ್ವಿನ ನಟ್ಟು ತೆಗೆದು ಗಾಳಿ ಪೂರ್ತಿ ಬಿಡಿ. ಟೈರಿನ ಅಂಚನ್ನು ಸುತ್ತಲೂ ತುಳಿದು ರಿಮ್ಮಿನಿಂದ ಬಿಡಿಸಿ. ಲಿವರ್ ಹಾಕುವ ಜಾಗಕ್ಕೆ ಎದುರು ಬದಿಯ ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ಒತ್ತಿಹಿಡಿದರೆ ಈ ಬದಿಯಲ್ಲಿ ಸಡಿಲ ಸಿಗುತ್ತದೆ. ಬಲ ಹಾಕಿ ಲಿವರ್ ಬಗ್ಗಿಸುವವರು ಈ ಗುಟ್ಟು ತಿಳಿಯದವರು. ಟ್ಯೂಬ್ ಹೊರಗೆಳೆದು ತೂತಿನ ಸುತ್ತ ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವವರೆಗೆ, ಅಂದರೆ ನಾಲ್ಕೈದು ನಿಮಿಷ ಕಾಯಿರಿ. ಹಸಿಯಲ್ಲೇ ಪ್ಯಾಚು ಒತ್ತಿದರೆ ಹತ್ತು ಕಿ.ಮೀ.ಗೆ ಮೇಲೇಳುತ್ತದೆ. ಟೈರಿನ ಒಳಮೈಯನ್ನು ಬಟ್ಟೆ ಸುತ್ತಿದ ಕೈಯಿಂದ ಸವರಿ ಮುಳ್ಳೋ ತಂತಿಯೋ ಉಳಿದಿದೆಯೇ ನೋಡಿ. ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ಹೊಡೆದು ಒಳಸೇರಿಸಿ. ಟೈರ್ ಕೂರಿಸುವುದನ್ನು ವಾಲ್ವಿನ ಎದುರು ಬದಿಯಿಂದ ಶುರುಮಾಡಿ ವಾಲ್ವಿನ ಹತ್ತಿರ ಮುಗಿಸಿ. ಕೊನೆಗೆ ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಟ್ಟರೆ ಟ್ಯೂಬ್ ಅಂಚಿಗೆ ಸಿಕ್ಕಿಕೊಳ್ಳುವುದಿಲ್ಲ. ಸ್ವಲ್ಪ ಗಾಳಿ ತುಂಬಿ, ಪೂರ್ತಿ ಬಿಟ್ಟು, ಮತ್ತೆ ತುಂಬಿದರೆ ಒಳಗಿನ ಮಡಿಕೆ ಬಿಚ್ಚಿಕೊಳ್ಳುತ್ತದೆ. ಮನೆಯಂಗಳದಲ್ಲಿ ಎರಡು ಸಲ ಮಾಡಿ ನೋಡಿ. ಮೊದಲ ಸಲ ಲಿವರಿನಿಂದಲೇ ಟ್ಯೂಬ್ ತೂತಾಗುವುದು ಮಾಮೂಲು.

ಗಾಳಿ: ಸಾಮಾನು ಇರುವಾಗ ಹಿಂದಿನ ಚಕ್ರಕ್ಕೆ ಇಬ್ಬರು ಕೂರುವ ಲೆಕ್ಕದ್ದು, ಗಾಡಿಯ ಮೇಲೇ ಬರೆದಿರುತ್ತದೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ತುಂಬಿಸಿ. ಬಂಕುಗಳಲ್ಲಿ ಗಾಳಿ, ಕುಡಿಯುವ ನೀರು, ಶೌಚಾಲಯ ಪುಕ್ಕಟೆ ಕೊಡಲೇಬೇಕು. ಕೇಳಲು ಸಂಕೋಚ ಬೇಡ.

110 ಸಿಸಿ ಸ್ಕೂಟರಿನಲ್ಲಿ ಕೊಂಕಣ ತೀರದ ಉದ್ದಕ್ಕೂ ಅಲಿಬಾಗ್‌ವರೆಗೆ ಒಬ್ಬಳೇ ಹೋಗುವ ಆಸೆ. ಮನೆಯಲ್ಲಿ ಅಮ್ಮ ಒಪ್ಪುತ್ತಿಲ್ಲ. ಸ್ಕೂಟರ್ ತಡೆಯುತ್ತದೆಯೇ? ಉಳಿಯುವುದು ಹೇಗೆ?
– ಕೊಪ್ಪದ ಓದುಗಿ

ಸ್ಕೂಟರಿನ ದೂರದ ಪ್ರಯಾಣಕ್ಕೆ ಒಳ್ಳೆಯ ದಾರಿ ಆರಿಸಿದ್ದೀರಿ. ಗೋವಾ ದಾಟಿದ ಮೇಲೆ ಹೆದ್ದಾರಿ ಬಿಟ್ಟು ತೀರದ ರಸ್ತೆ ಹಿಡಿಯಿರಿ. ಅಲ್ಲಿ ಜೈಗಡ್–ತವಸಾಳ್, ದಾಭೋಳ್–ಧೋಪಾವೆ, ಬಾಗ್‌ಮಂಡ್ಲಾ–ವೇಶ್ವಿ, ದಿಘಿ–ಆಗರದಂಡಾ ಎಂಬ ಕಡೆ ಗಾಡಿ ಸಮೇತ ಹೊಳೆ ದಾಟಿಸುವ ಜಂಗಲ್‌ಗಳು (ಲಾಂಚುಗಳು) ಇವೆ. ನಮ್ಮ ಸಿಗಂದೂರಿನ ಲಾಂಚ್ ನೋಡಿದವರಿಗೆ ಇದು ಹೊಸದಲ್ಲ. ಚಾರ್ಜು ಕಡಿಮೆ, ಸುತ್ತುದಾರಿ ಉಳಿಯುತ್ತದೆ.

ಸ್ಕೂಟರಿನಲ್ಲಿ ಕೈಕೊಡುವುದು ಬೆಲ್ಟ್. 20,000 ಕಿ.ಮೀ. ಮೀರಿದ್ದರೆ ಬೆಲ್ಟ್, ರೋಲರ್ ಎರಡೂ ಬದಲಿಸಿ. ಹಳೇ ಬೆಲ್ಟ್ ಬಳಸುವಂತಿದ್ದರೆ ಬಿಸಾಡದೆ ಡಿಕ್ಕಿಯಲ್ಲಿಡಿ. ಟ್ಯಾಂಕ್ ಐದು ಲೀಟರ್ ಚಿಲ್ಲರೆ, ಅರ್ಧಕ್ಕೆ ಬಂದಾಗಲೇ ತುಂಬಿಸಿ. ಆಗುಂಬೆ ಇಳಿಯುವಾಗ ಒಂದು ವಿಷಯ ನೆನಪಿಡಿ: ಆಕ್ಸಿಲರೇಟರ್ ಪೂರ್ತಿ ಬಿಟ್ಟು ವೇಗ ತೀರಾ ಇಳಿದರೆ ಕ್ಲಚ್ ಬಿಟ್ಟುಕೊಂಡು ಸ್ಕೂಟರ್ ನ್ಯೂಟ್ರಲಿನಲ್ಲಿದ್ದಂತೆ ಜಾರುತ್ತದೆ. ಚೂರೇ ಚೂರು ಆಕ್ಸಿಲರೇಟರ್ ಕೊಟ್ಟರೆ ಇಂಜಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಅರ್ಧ ದಾರಿಯಲ್ಲಿ ಐದು ನಿಮಿಷ ನಿಲ್ಲಿಸಿ ಡ್ರಮ್ ಆರಲು ಬಿಡಿ. ನೀರು ಸುರಿಯಬೇಡಿ.

ಉಳಿಯಲು: ಕೊಂಕಣದ ಹಳ್ಳಿಗಳಲ್ಲಿ ಮನೆಯವರೇ ನಡೆಸುವ ಕೋಣೆಗಳು ಸಿಗುತ್ತವೆ, ಮನೆಯ ಹೆಂಗಸರ ಜೊತೆ ಮಾತಾಡಿಯೇ ನಿರ್ಧರಿಸಿ. ಡಿಸೆಂಬರ್ ರಜೆ, ವಾರಾಂತ್ಯ ಬಿಟ್ಟು ಹೋದರೆ ಬೆಲೆ ಇಳಿಯುತ್ತದೆ. ಸಂಜೆ ನಾಲ್ಕೂವರೆಗೆ ಊರು ಸೇರಿ. ಬೆಳಕಿದ್ದರೆ ಕೋಣೆ ಹಿಡಿಸದಿದ್ದರೂ ಇನ್ನೊಂದು ಹುಡುಕಬಹುದು, ಕತ್ತಲಾದ ಮೇಲೆ ಹೇಳಿದ್ದೇ ಬೆಲೆ. ಇರುವ ಜಾಗದ ಫೋಟೊಗಳನ್ನು ಆ ಜಾಗ ಬಿಟ್ಟ ಮೇಲೆ ಹಾಕಿ. ಅಮ್ಮನಿಗೆ ದಿನಕ್ಕೆ ಎರಡು ಹೊತ್ತು ಗೊತ್ತುಮಾಡಿ: ಹೊರಡುವಾಗ, ಸೇರಿದಾಗ. ಮೊಬೈಲಿನ ಲೊಕೇಶನ್ ಅಣ್ಣನೋ ತಮ್ಮನೋ ನೋಡುವಂತಿರಲಿ. ಪೊಲೀಸು, ಆಂಬುಲೆನ್ಸಿಗೆ 112. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ, ಅಪಘಾತವಾದರೆ 1033. ಎರಡನ್ನೂ ಕಾಗದದಲ್ಲಿ ಬರೆದು ಅಮ್ಮನಿಗೂ ಕೊಡಿ. ಮೊದಲ ಸಲಕ್ಕೆ ಗೋಕರ್ಣದವರೆಗೆ ಹೋಗಿ ಎರಡು ರಾತ್ರಿ ಉಳಿದು ಬಂದರೆ ಅಮ್ಮನನ್ನು ಒಪ್ಪಿಸುವುದು ಸುಲಭವಾದೀತು.

ಹಳೇ ಆಲ್ಟೊ ಕಾರಿನಲ್ಲೇ ಮಲಗಿಕೊಂಡು ರಾಜಸ್ಥಾನ ನೋಡಬಹುದೇ?
– ಶಿವಮೊಗ್ಗ, ವಿನೋಬನಗರದ ಓದುಗರು

ಐದೂವರೆ ಅಡಿಯೊಳಗಿನವರಾದರೆ ಪರವಾಗಿಲ್ಲ. ಎಡಗಡೆಯ ಮುಂಸೀಟನ್ನು ಪೂರ್ತಿ ಮುಂದೆ ತಳ್ಳಿ, ಬೆನ್ನನ್ನು ಹಿಂದಕ್ಕೆ ಒರಗಿಸಿ, ನಡುವಿನ ಸಂದಿಗೆ ಬಟ್ಟೆ ಚೀಲ ತುಂಬಿ. ಎದುರುಬದುರಿನ ಎರಡು ಗಾಜು ಎರಡು ಬೆರಳಷ್ಟು ಇಳಿಸಿ ಸೊಳ್ಳೆಪರದೆಯ ತುಂಡು ಸಿಕ್ಕಿಸಿ. ಎ.ಸಿ.ಗಾಗಿ ಇಂಜಿನ್ ಓಡಿಸಿಟ್ಟು ಮಲಗಬೇಡಿ, ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಎಚ್ಚರವೇ ಆಗುವುದಿಲ್ಲ. ಲಾರಿಗಳು ನಿಲ್ಲುವ ದೊಡ್ಡ ಬಂಕುಗಳಲ್ಲಿ ಮ್ಯಾನೇಜರನ್ನು ಕೇಳಿ, ದೀಪದ ಕೆಳಗೆ ನಿಲ್ಲಿಸಿ. ಎರಡು ರಾತ್ರಿ ಕಾರು, ಮೂರನೇ ರಾತ್ರಿ ಕೋಣೆ ಎಂಬ ಲೆಕ್ಕ ಇಟ್ಟುಕೊಳ್ಳಿ. ಸ್ನಾನ, ನಿದ್ದೆ ಎರಡೂ ಬೇಕು.

796 ಸಿಸಿ ಆಲ್ಟೊಗೆ ಟೈಮಿಂಗ್ ಬೆಲ್ಟ್ ಇದೆ. ಲಕ್ಷ ಕಿ.ಮೀ. ಹತ್ತಿರವಿದ್ದರೆ, ಇಲ್ಲವೇ ಯಾವಾಗ ಬದಲಿಸಿದ್ದೆಂದು ಗೊತ್ತಿಲ್ಲದಿದ್ದರೆ ಹೊಸದು ಹಾಕಿಸಿ, ತುಂಡಾದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಕೂಲೆಂಟ್ ಬದಲಿಸಿ, ರೇಡಿಯೇಟರ್ ಪೈಪುಗಳನ್ನು ಹಿಂಡಿ ನೋಡಿ; ಬಿರುಕು ಕಂಡರೆ ಬದಲಿಸಿ. ನಮ್ಮ ತಂಪಿನಲ್ಲಿ ಬರಿ ನೀರು ಹಾಕಿಕೊಂಡು ಓಡಿಸಿದವರ ರೇಡಿಯೇಟರ್ ಒಳಗೆ ತುಕ್ಕು ತುಂಬಿರುತ್ತದೆ. ಸ್ಟೆಪ್ನಿಗೆ ಗಾಳಿ ಇದೆಯೇ ನೋಡಿ.

ಕಾರಿಗೆ ಟೋಲ್ ದೊಡ್ಡ ಖರ್ಚು. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸು ಬಂದಿದೆ. ಜಾರಿಯಾದಾಗಿನ ಬೆಲೆ 3,000 ರೂಪಾಯಿ, 200 ದಾಟು ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಉತ್ತರಕ್ಕೆ ಹೋಗಿ ಬರುವವರಿಗೆ ಒಂದೇ ಪ್ರಯಾಣದಲ್ಲಿ ಪಾಸಿನ ದುಡ್ಡು ಹುಟ್ಟುತ್ತದೆ. ರಾಷ್ಟ್ರೀಯ ಹೆದ್ದಾರಿಗಷ್ಟೇ ನಡೆಯುತ್ತದೆ, ರಾಜ್ಯಗಳ ಟೋಲಿಗೆ ಮಾಮೂಲಿ ಬ್ಯಾಲೆನ್ಸ್ ಇರಲಿ.

ಊಟದ ಖರ್ಚು ಉಳಿಸಲು ಮನೆಯಿಂದ ಏನು ಒಯ್ಯಬಹುದು?
– ಶೃಂಗೇರಿಯ ಓದುಗರು

ತೆಳು ಅವಲಕ್ಕಿ ಎರಡು ಕೆ.ಜಿ., ಚಟ್ನಿಪುಡಿ ಕಾಲು ಕೆ.ಜಿ., ಹುರಿದ ಶೇಂಗಾ, ಜೋನಿಬೆಲ್ಲದ ಬದಲು ಉಂಡೆಬೆಲ್ಲ. ಒಂದು ಹೊತ್ತಿಗೆ ನೂರು ಗ್ರಾಂ ಅವಲಕ್ಕಿ ಸಾಕು, ಒಲೆ ಬೇಡ. ಬೆಳಗಿನ ತಿಂಡಿ ಹೀಗೆ ಮುಗಿಸಿ ಮಧ್ಯಾಹ್ನ ಲಾರಿ ಚಾಲಕರು ನಿಲ್ಲುವ ಢಾಬಾದಲ್ಲಿ ಹೊಟ್ಟೆ ತುಂಬ ಉಣ್ಣಿ. ಅಪ್ಪೆಮಿಡಿ ಬೇಕೇ ಬೇಕು ಅನ್ನುವವರು ರಸ ಬಸಿದು ಮಿಡಿ ಮಾತ್ರ ಒಯ್ಯಿರಿ. ಭರಣಿ ಮುಚ್ಚಳ ಎಷ್ಟು ಬಿಗಿದರೂ ಹೆದ್ದಾರಿಯ ಕುಲುಕಾಟಕ್ಕೆ ರಸ ಬಟ್ಟೆಗೆ ಇಳಿಯುತ್ತದೆ. ಓಆರ್‌ಎಸ್ ಹತ್ತು ಪ್ಯಾಕೆಟ್ ಇರಲಿ, ಒಂದನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು. ಪಂಜಾಬ್, ದೆಹಲಿ ಕಡೆ ಗುರುದ್ವಾರಗಳಲ್ಲಿ ಊಟ ಎಲ್ಲರಿಗೂ ಇದೆ, ದೊಡ್ಡವುಗಳಲ್ಲಿ ತಂಗಲೂ ಜಾಗವಿರುತ್ತದೆ. ತಲೆಗೆ ಬಟ್ಟೆ ಕಟ್ಟಿ, ಬಡಿಸಿದ್ದನ್ನು ಬಿಡದೆ ಉಣ್ಣಿ, ಆದಷ್ಟು ಕಾಣಿಕೆ ಹಾಕಿ.

ಲೇಹ್‌ಗೆ ಹೋಗುವುದೇ ಖಚಿತವಾದರೆ ಮಲೆನಾಡಿನವರು ಮುಖ್ಯವಾಗಿ ಏನು ತಿಳಿದಿರಬೇಕು?
– ಸೊರಬದ ಓದುಗರು

ಶ್ರೀನಗರದ ಕಡೆಯಿಂದ ಹತ್ತಿ, ಮನಾಲಿ ಕಡೆ ಇಳಿಯಿರಿ. ಶ್ರೀನಗರದ ದಾರಿಯಲ್ಲಿ ಎತ್ತರ ಮೆಲ್ಲಗೆ ಏರುತ್ತದೆ. ಕಾರ್ಗಿಲ್ 2,700 ಮೀಟರ್ ಆಸುಪಾಸಿನಲ್ಲಿದೆ, ರಾತ್ರಿ ಉಳಿಯಲು ಸರಿ. ಲೇಹ್ 3,500 ಮೀಟರ್. ಅಲ್ಲಿ ಎರಡು ದಿನ ಗಾಡಿ ಮುಟ್ಟಬೇಡಿ. ತಲೆನೋವಿನ ಜೊತೆ ವಾಂತಿ, ನಡೆದರೆ ತೂರಾಟ ಕಂಡರೆ ಮಾತ್ರೆ ನುಂಗಿ ಕಾಯುವುದಲ್ಲ, ಕೆಳಗಿಳಿಯಬೇಕು. ವಾಪಸು ಬರುವಾಗ ತೀರಾ ಎತ್ತರದಲ್ಲಿರುವ ಸರ್ಚುವಿನಲ್ಲಿ ಮಲಗದೆ ಜಿಸ್ಪಾಕ್ಕೋ ಕೇಲಾಂಗ್‌ಗೋ ಇಳಿದು ಮಲಗಿ.

ಐದು ಸಾವಿರ ಮೀಟರ್ ಮೇಲೆ ಗಾಳಿ ನಮ್ಮೂರಿನದರ ಅರ್ಧದಷ್ಟೇ. ಗಾಡಿಯ ಶಕ್ತಿಯೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ, ಮೊದಲನೇ ಗೇರಿನಲ್ಲಿ ಹತ್ತಬೇಕು. ಕಾರ್ಬ್ಯುರೇಟರ್ ಗಾಡಿಯಲ್ಲಿ ಗಾಳಿಗೆ ಪೆಟ್ರೋಲು ಹೆಚ್ಚಾಗಿ ಕಪ್ಪು ಹೊಗೆ ಬರುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ. ಇನ್ನೊಂದು ಪ್ಲಗ್ ಇಟ್ಟುಕೊಳ್ಳಿ. ಅಲ್ಲಿ ಕೆಲವರು ಏರ್ ಫಿಲ್ಟರ್ ತೆಗೆದು ಓಡಿಸಿ ಎನ್ನುತ್ತಾರೆ, ಕೇಳಬೇಡಿ, ಆ ದೂಳು ಪಿಸ್ಟನ್ ಉಜ್ಜುತ್ತದೆ. ಲೇಹ್ ಹತ್ತಿರದ ಕಾರು ಎಂಬ ಊರಿನಲ್ಲಿ ಟ್ಯಾಂಕ್ ತುಂಬಿಸಿದರೆ ಮುಂದಿನ ಬಂಕು ತಾಂಡಿ ಎಂದೇ ಲೆಕ್ಕ ಹಾಕಿ, ಸುಮಾರು 330 ಕಿ.ಮೀ. ಎತ್ತರದಲ್ಲಿ ಮೈಲೇಜ್ 45ಕ್ಕೆ ಇಳಿದರೂ ಹತ್ತು ಲೀಟರಿನ ಟ್ಯಾಂಕ್ ತಲುಪಿಸುತ್ತದೆ. ಎರಡು ಲೀಟರ್ ಜಾಸ್ತಿ ಗಟ್ಟಿ ಕ್ಯಾನಿನಲ್ಲಿರಲಿ, ನೀರಿನ ಬಾಟಲಿಯಲ್ಲಲ್ಲ. ನಮ್ಮ ಪ್ರೀಪೇಯ್ಡ್ ಸಿಮ್ ಜಮ್ಮು–ಕಾಶ್ಮೀರ, ಲಡಾಖಿನಲ್ಲಿ ನಡೆಯುವುದಿಲ್ಲ, ಹೊರಡುವ ಮುಂಚೆ ಪೋಸ್ಟ್‌ಪೇಯ್ಡ್ ಮಾಡಿಸಿ. ನೆಟ್‌ವರ್ಕ್ ಇಲ್ಲದ ಕಡೆ ಫೋನ್‌ಪೇಯೂ ಇಲ್ಲ. ನೋಟುಗಳನ್ನು ಮೂರು ಕಡೆ ಹಂಚಿಡಿ.

ಬೈಕು ಅಪ್ಪನ ಹೆಸರಿನಲ್ಲಿದೆ. ಬೇರೆ ರಾಜ್ಯದಲ್ಲಿ ತೊಂದರೆಯಾಗುತ್ತದೆಯೇ?
– ಶಿಕಾರಿಪುರದ ಓದುಗರು

ಓಡಿಸಲು ತೊಂದರೆಯಿಲ್ಲ. ಆರ್‌ಸಿ, ವಿಮೆ, ಲೈಸೆನ್ಸ್, ಹೊಗೆ ತಪಾಸಣೆ ಪತ್ರ ಡಿಜಿಲಾಕರಿನಲ್ಲಿದ್ದರೆ ಕಾನೂನಿನ ಪ್ರಕಾರ ಸಾಕು. ಆದರೂ ಫೋನ್ ಸತ್ತಾಗ ಬೇಕಾಗುವುದರಿಂದ ಜೆರಾಕ್ಸ್ ಒಂದು ಸೆಟ್ ಸೀಟಿನ ಕೆಳಗೆ ಇರಲಿ. ಅಪ್ಪ ಸಹಿ ಮಾಡಿದ ಒಪ್ಪಿಗೆ ಪತ್ರ, ಅವರ ಗುರುತಿನ ಚೀಟಿಯ ಪ್ರತಿ ಇದ್ದರೆ ಗಾಡಿ ಕಳ್ಳತನದ್ದಲ್ಲ ಎಂದು ವಿವರಿಸುವ ಕೆಲಸ ತಪ್ಪುತ್ತದೆ.

ತೊಂದರೆ ಇರುವುದು ವಿಮೆಯಲ್ಲಿ. ಪಾಲಿಸಿಯ ಜೊತೆ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕ ತಾನೇ ಓಡಿಸುತ್ತಿದ್ದಾಗ ಮಾತ್ರ. ಅಪ್ಪನ ಗಾಡಿಯಲ್ಲಿ ನೀವು ಬಿದ್ದರೆ ಅದು ನಿಮಗೆ ಸಿಗುವುದಿಲ್ಲ. ನಿಮ್ಮ ಹೆಸರಿನಲ್ಲಿ ಬೇರೆ ಅಪಘಾತ ವಿಮೆ ಮಾಡಿಸಿ, ವರ್ಷಕ್ಕೆ ಕೆಲವೇ ನೂರು ರೂಪಾಯಿಯ ಮಾತು. ಬ್ಯಾಂಕ್ ಖಾತೆಯ ಮೂಲಕವೂ ಆಗುತ್ತದೆ. ರಸ್ತೆ ಅಪಘಾತದ ಗಾಯಾಳುಗಳಿಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ, ಏಳು ದಿನದವರೆಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ನಗದಿಲ್ಲದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿನಿಂದ ಇದೆ. 112ಕ್ಕೆ ಕರೆ ಮಾಡುವವರಿಗೆ ಇದು ತಿಳಿದಿರಲಿ. ರಕ್ತದ ಗುಂಪು ಮತ್ತು ಮನೆಯ ಎರಡು ಫೋನ್ ನಂಬರುಗಳನ್ನು ಹೆಲ್ಮೆಟ್ಟಿನ ಹಿಂಭಾಗಕ್ಕೆ ನೀರಿಗೆ ಅಳಿಸದ ಮಸಿಯಲ್ಲಿ ಬರೆದು, ಮೇಲೆ ಸೆಲ್ಲೋಟೇಪ್ ಅಂಟಿಸಿ.